ಬಣ್ಣ ಮೊದಲೋ, ಫೋಟೋ ಮೊದಲೋ? ನಮ್ಮ ಕಡೆಯ ಬ್ರ್ಯಾಂಡುಗಳಿಗೆ ನಾಲ್ಕು ದಾರಿಗಳ ಹೋಲಿಕೆ

ಗಂಗಾವತಿ ಸೀಮೆಯ ಒಂದು ರೈಸ್ ಮಿಲ್ಲಿಗೆ ಮೊದಲ ಸಲ 26 ಕೆಜಿ ಚೀಲದ ಡಿಸೈನ್ ಮಾಡಿಕೊಟ್ಟಾಗ ಬಣ್ಣವೂ ಚೆನ್ನಾಗಿತ್ತು, ಫೋಟೋನೂ ಚೆನ್ನಾಗಿತ್ತು. ಬೇರೆ ಬೇರೆಯಾಗಿ ನೋಡಿದರೆ ಎರಡರಲ್ಲೂ ಕೊರತೆ ಹೇಳುವಂತಿರಲಿಲ್ಲ. ಗಾಢ ಎಲೆ ಹಸಿರಿನ ಚೀಲ, ನಡುವೆ ತಟ್ಟೆಯ ತುಂಬ ಸೋನಾ ಮಸೂರಿ. ಮಾದರಿ ಚೀಲ ಪ್ರಿಂಟಾಗಿ ಬಂದ ದಿನ ಮಾಲೀಕರು ಅದನ್ನು ಮಿಲ್ಲಿನ ಅಂಗಳದಲ್ಲಿ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿದರು. "ಅಕ್ಕಿ ಯಾಕೋ ಮಾಸಿದಂಗ ಕಾಣ್ತೈತಲ್ರೀ" ಅಂದರು. ನಿಜಕ್ಕೂ ಮಾಸಿದ ಹಾಗೇ ಕಾಣುತ್ತಿತ್ತು.

ತಪ್ಪು ನನ್ನದೇ, ಅದೂ ಎರಡು ಕಡೆ. ಕ್ಯಾಮೆರಾದ ಮೀಟರು ತನ್ನ ಮುಂದಿರುವ ದೃಶ್ಯ ಒಟ್ಟಾರೆ ನಡು ಬೂದು ಎಂದೇ ಎಣಿಸಿ ಬೆಳಕು ಅಳೆಯುತ್ತದೆ. ಫೋಟೋಗ್ರಾಫರುಗಳು ಬಳಸುವ ಗ್ರೇ ಕಾರ್ಡು ಇದೇ ಬೂದು. ಬಿದ್ದ ಬೆಳಕಿನಲ್ಲಿ 18% ಮಾತ್ರ ಹಿಂತಿರುಗಿಸುತ್ತದೆ. ಚೌಕಟ್ಟಿನ ತುಂಬ ಬಿಳಿ ಅಕ್ಕಿ ಇಟ್ಟರೆ ಮೀಟರು ಅದನ್ನೂ ಬೂದಿನ ಕಡೆಗೇ ಎಳೆಯುತ್ತದೆ. ಒಂದು, ಒಂದೂವರೆ ಸ್ಟಾಪಿನಷ್ಟು (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಬೆಳಕು ಹೆಚ್ಚು ಕೊಡಬೇಕಿತ್ತು, ಕೊಟ್ಟಿರಲಿಲ್ಲ. ಇನ್ನೊಂದು ತಪ್ಪು ಆ ಹಸಿರಿನದು. ಗಾಢ ಹಸಿರಿನ ನಡುವೆ ಬಿಳಿಬೂದು ಇಟ್ಟರೆ ಕಣ್ಣು ತಾನಾಗಿಯೇ ಅದಕ್ಕೆ ಒಂದು ಕೆಂಪು ಛಾಯೆ ಬಳಿಯುತ್ತದೆ. ನಾನು ಫೋಟೋವನ್ನು ಒಂದು ಫೈಲಿನಲ್ಲಿ ತಿದ್ದಿದ್ದೆ, ಹಸಿರನ್ನು ಇನ್ನೊಂದು ಫೈಲಿನಲ್ಲಿ ಆರಿಸಿದ್ದೆ. ಎರಡೂ ಒಂದನ್ನೊಂದು ಸರಿಯಾಗಿ ನೋಡಿದ್ದು ಚೀಲದ ಮೇಲೆಯೇ.

ಬಣ್ಣಗಾರರಿಗೆ ಇದು ಹಳೆಯ ಪಾಠ. ಪ್ಯಾರಿಸ್ಸಿನ ಗೊಬೆಲಾಂ ನೇಯ್ಗೆಶಾಲೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಮಿಷೆಲ್ ಯೂಜೆನ್ ಶೆವ್ರಲ್‌ಗೆ, ಅಲ್ಲಿನ ಕಪ್ಪು ಬಣ್ಣಕ್ಕೆ ಕಸುವಿಲ್ಲ ಎಂಬ ದೂರು ಬಂದಿತ್ತು. ಪರೀಕ್ಷಿಸಿದರೆ ಕಪ್ಪಿನಲ್ಲಿ ದೋಷವಿಲ್ಲ, ಅದರ ಪಕ್ಕ ನೇಯ್ದ ನೂಲಿನ ಬಣ್ಣವೇ ಅದನ್ನು ಮಂಕಾಗಿಸುತ್ತಿತ್ತು. 1839ರಲ್ಲಿ ಅವರು ಇದನ್ನು ನಿಯಮದ ರೂಪದಲ್ಲಿ ಪ್ರಕಟಿಸಿದರು: ಅಕ್ಕಪಕ್ಕ ಇಟ್ಟ ಎರಡು ಬಣ್ಣಗಳು ಒಂದನ್ನೊಂದು ದೂರ ತಳ್ಳುತ್ತವೆ.

ಬ್ರ್ಯಾಂಡ್ ಕೆಲಸದಲ್ಲಿ ನಾವು ಮರೆಯುವುದು ಇಷ್ಟೇ: ಫೋಟೋ ಕೂಡ ಬಣ್ಣವೇ. ಲೋಗೋಗೆ ಎರಡು ಬಣ್ಣ, ಹಿನ್ನೆಲೆಗೆ ಒಂದು, ಅಕ್ಷರಕ್ಕೆ ಒಂದು ಎಂದು ಎಣಿಸಿ ನಾಲ್ಕು ಬಣ್ಣದ ಪ್ಯಾಲೆಟ್ ಕೊಡುತ್ತೇವೆ. ಆಮೇಲೆ ಅದರ ಮೇಲೆ ಒಂದು ಫೋಟೋ ಇಡುತ್ತೇವೆ. ಅದು ತನ್ನ ಜೊತೆ ಇನ್ನು ಇಪ್ಪತ್ತು ಬಣ್ಣ ತರುತ್ತದೆ. ಮುಖ್ಯ ಬಣ್ಣ ನೂರಕ್ಕೆ ಅರವತ್ತು, ಜೊತೆಯದು ಮೂವತ್ತು, ಎದ್ದು ಕಾಣುವುದು ಹತ್ತು ಎಂಬ, ಮನೆ ಅಲಂಕಾರದಿಂದ ಬಂದ 60-30-10ರ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ಆ ಅರವತ್ತರಲ್ಲಿ ಫೋಟೋದ ಪಾಲು ಎಷ್ಟು ಅಂತ ಯಾರೂ ಕೇಳುವುದಿಲ್ಲ. ಹಾಗಾಗಿ ಹೊಸ ಕೆಲಸ ಬಂದಾಗ ನಾನು ಮೊದಲು ತೀರ್ಮಾನಿಸುವುದು ಯಾವ ಬಣ್ಣ ಎಂಬುದನ್ನಲ್ಲ, ಈ ಮನೆಗೆ ಯಜಮಾನ ಬಣ್ಣವೋ ಫೋಟೋವೋ ಎಂಬುದನ್ನು. ಇಬ್ಬರನ್ನೂ ಯಜಮಾನರನ್ನಾಗಿ ಮಾಡಿದ ಕಡೆಯೆಲ್ಲ ಕೆಲಸ ಕೆಟ್ಟದ್ದನ್ನು ನೋಡಿದ್ದೇನೆ.

ಬಳ್ಳಾರಿ, ಕೊಪ್ಪಳ, ರಾಯಚೂರಿನ ಕೆಲಸಗಳಿಗೆ ಒಗ್ಗುವ ನಾಲ್ಕು ದಾರಿಗಳನ್ನು ಇಲ್ಲಿ ಹೋಲಿಸಿದ್ದೇನೆ. ನಾಲ್ಕಕ್ಕೂ ಸಮನಾದ ಜಾಗ ಕೊಟ್ಟಿಲ್ಲ. ಮೊದಲೆರಡರಲ್ಲೇ ಹೆಚ್ಚು ಜನ ಎಡವುತ್ತಾರೆ.

ಬಣ್ಣ ಮೊದಲು, ಫೋಟೋ ಅದರ ಅಳತೆಗೆ

ಬಳ್ಳಾರಿಯ ಜೀನ್ಸ್ ಇದಕ್ಕೆ ಒಳ್ಳೆ ಉದಾಹರಣೆ. ಹೊಲಿಗೆ ಘಟಕದವರು ಸ್ವಂತ ಬ್ರ್ಯಾಂಡ್ ಮಾಡಬೇಕೆಂದು ಬಂದಾಗ ಹತ್ತರಲ್ಲಿ ಎಂಟು ಜನ ಕೇಳುವುದು ನೀಲಿ ಬಣ್ಣವನ್ನೇ. ಜೀನ್ಸ್ ಅಂದರೆ ನೀಲಿ, ಲೋಗೋನೂ ನೀಲಿ, ಬೋರ್ಡೂ ನೀಲಿ. ನಾನು ಬೇಡ ಅನ್ನುತ್ತೇನೆ.

ಕಾರಣ ಬಟ್ಟೆಯಲ್ಲೇ ಇದೆ. ಡೆನಿಮ್‌ನಲ್ಲಿ ಹಾಸು ನೂಲಿಗೆ ಮಾತ್ರ ಇಂಡಿಗೋ ಬಣ್ಣ, ಹೊಕ್ಕು ನೂಲು ಬಿಳಿ. ಆ ಬಣ್ಣವೂ ನೂಲಿನ ಹೊರಮೈಗೆ ಹಿಡಿದಿರುತ್ತದೆಯೇ ಹೊರತು ತಿರುಳಿನವರೆಗೆ ಇಳಿದಿರುವುದಿಲ್ಲ. ಅದಕ್ಕೇ ಒಂದೇ ಥಾನಿನ ಬಟ್ಟೆ ವಾಷಿಂಗ್‌ಗೆ ಹೋಗಿ ಬಂದ ಮೇಲೆ ಹತ್ತು ನೀಲಿ ಆಗುತ್ತದೆ. ಒಂದು ಕಪ್ಪಿನ ಹತ್ತಿರ, ಇನ್ನೊಂದು ಬೂದು, ಮತ್ತೊಂದು ಮಂಜು ಕವಿದ ಆಕಾಶದಂತೆ. ಬ್ರ್ಯಾಂಡಿಗೆ ನೀವು ಯಾವ ನೀಲಿ ಆರಿಸಿದರೂ ಫೋಟೋದಲ್ಲಿರುವ ಪ್ಯಾಂಟಿನ ನೀಲಿ ಅದಕ್ಕೆ ಹತ್ತಿರ ಇರುತ್ತದೆ, ಆದರೆ ಅದೇ ಆಗಿರುವುದಿಲ್ಲ. ಹತ್ತಿರದ ಎರಡು ನೀಲಿಗಳು ಪಕ್ಕಪಕ್ಕ ನಿಂತರೆ ನೋಡುವವನಿಗೆ ಅದು ಆಯ್ಕೆ ಅನ್ನಿಸುವುದಿಲ್ಲ, ಪ್ರಿಂಟು ಕೆಟ್ಟಿದೆ ಅನ್ನಿಸುತ್ತದೆ. ಮೇಲಾಗಿ ಆಫ್‌ಸೆಟ್ ಮುದ್ರಣದಲ್ಲಿ ನೀಲಿ ಬರುವುದು ಸಯಾನ್ (ಹಸಿರು ಮಿಶ್ರಿತ ತಿಳಿನೀಲಿ), ಮಜೆಂಟಾ (ಗಾಢ ಗುಲಾಬಿ) ಎಂಬ ಎರಡು ಶಾಯಿ ಕೂಡಿ. ಮಜೆಂಟಾ ಸಯಾನ್‌ಗೆ ತೀರಾ ಸಮೀಪಿಸಿದರೆ ಬರುವುದು ನೀಲಿಯಲ್ಲ, ನೇರಳೆ ಹಣ್ಣಿನ ಬಣ್ಣ. ಎರಡರ ನಡುವೆ ಕನಿಷ್ಠ 30 ಅಂಶಗಳ ಅಂತರ ಇಡಿ ಎಂದು ಪ್ರೆಸ್ಸಿನವರು ಹೇಳುವುದು ಅದಕ್ಕೇ.

ಹಾಗಾದರೆ ಯಾವ ಬಣ್ಣ? ಒಂದು ಜೀನ್ಸ್ ಪ್ಯಾಂಟನ್ನು ಮೇಜಿನ ಮೇಲೆ ಹರಡಿ ನೋಡಿ. ಹೊಲಿಗೆಯ ದಾರ ಹೊಗೆಸೊಪ್ಪಿನ ಬಣ್ಣದ್ದು ಅಥವಾ ಕಿತ್ತಳೆ ಮಿಶ್ರಿತ ಅರಿಶಿನದ್ದು. ಜೇಬಿನ ಮೂಲೆಯಲ್ಲಿ ತಾಮ್ರದ ರಿವೆಟ್. ಸೊಂಟಪಟ್ಟಿಯ ಮೇಲೆ ಚರ್ಮದ ಬಣ್ಣದ ಲೇಬಲ್. ಇವೆಲ್ಲ ಬಣ್ಣಚಕ್ರದಲ್ಲಿ ನೀಲಿಗೆ ಎದುರು ಕೂತಿರುವ ಬಣ್ಣಗಳು. ಬ್ರ್ಯಾಂಡಿನ ಬಣ್ಣ ಅಲ್ಲಿಂದ ಎತ್ತಿಕೊಳ್ಳಿ: ಗಾಢ ಅರಿಶಿನ ಒಂದು, ಕೆನೆ ಬಣ್ಣ ಒಂದು, ಅಕ್ಷರಕ್ಕೆ ಕಪ್ಪಿಗೆ ಹತ್ತಿರದ ಕಂದು. ನೀಲಿಯನ್ನು ಪ್ಯಾಲೆಟ್ಟಿಗೆ ಸೇರಿಸಲೇಬೇಡಿ. ಅದನ್ನು ಫೋಟೋ ತರುತ್ತದೆ, ಪ್ರತಿ ಸಲ ಹೊಸದಾಗಿ ತರುತ್ತದೆ, ಅರಿಶಿನದ ಪಕ್ಕ ನಿಂತು ತಾನೇ ಗಟ್ಟಿಯಾಗುತ್ತದೆ.

ಬಣ್ಣ ಮೊದಲು ಅಂದಮೇಲೆ ಫೋಟೋಗೆ ಶಿಸ್ತು ಬೇಕು. ಒಂದೇ ಹಿನ್ನೆಲೆ, ಒಂದೇ ದಿಕ್ಕಿನ ಬೆಳಕು, ಒಂದೇ ದೂರ. ಇಲ್ಲಿ ಸುಲಭವಾಗಿ ಆಗುವ ಒಂದು ತಪ್ಪಿದೆ. ಅರಿಶಿನ ಬಣ್ಣದ ಬಟ್ಟೆ ಕಟ್ಟಿ ಮೊಬೈಲಿನಲ್ಲಿ ಫೋಟೋ ತೆಗೆದರೆ, ಚೌಕಟ್ಟಿನ ತುಂಬ ಹಳದಿ ಕಂಡ ಫೋನು ಬೆಳಕೇ ಹಳದಿ ಎಂದು ಭಾವಿಸಿ ಎಲ್ಲವನ್ನೂ ನೀಲಿಯ ಕಡೆಗೆ ತಳ್ಳುತ್ತದೆ. ಹಿನ್ನೆಲೆ ಸಪ್ಪೆಯಾಗುತ್ತದೆ, ಬೂದು ಜೀನ್ಸ್ ನೀಲಿಯಾಗುತ್ತದೆ, ಗಿರಾಕಿ ವಾಪಸ್ ಕಳಿಸುತ್ತಾನೆ. ಮೊದಲು ಅದೇ ಜಾಗದಲ್ಲಿ ಒಂದು ಬಿಳಿ ಹಾಳೆ ಇಟ್ಟು ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ, ಆಮೇಲೆ ಹಳದಿ ಬಟ್ಟೆ ಕಟ್ಟಿ. ಅಂಗಡಿಯ ಟ್ಯೂಬ್‌ಲೈಟ್ ಆಫ್ ಮಾಡಿ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಹೆಚ್ಚಾದಷ್ಟೂ ಬೆಳಕು ನೀಲಿಗೆ ವಾಲುತ್ತದೆ: ಬಿಳಿ ಎಲ್‌ಇಡಿ ಸಾಮಾನ್ಯವಾಗಿ 6500 ಕೆಲ್ವಿನ್, ಮಧ್ಯಾಹ್ನದ ಬಿಸಿಲು 5500ರ ಆಸುಪಾಸು. ಬಾಗಿಲಿಂದ ಒಂದು ಬೆಳಕು, ಮೇಲಿಂದ ಇನ್ನೊಂದು ಬಿದ್ದರೆ ಒಂದೇ ಪ್ಯಾಂಟಿನ ಎರಡು ಕಾಲು ಎರಡು ಬಣ್ಣ ಕಾಣುತ್ತವೆ. ಅದನ್ನು ಆಮೇಲೆ ತಿದ್ದಲು ಹೋದರೆ ಒಂದು ಕಾಲು ಸರಿಯಾಗುವಷ್ಟರಲ್ಲಿ ಇನ್ನೊಂದು ಕೆಡುತ್ತದೆ.

ಈ ದಾರಿ ಯಾರಿಗೆ? ವರ್ಷಪೂರ್ತಿ ಒಂದೇ ಬಗೆಯ ಸರಕು, ಒಂದೇ ಜಾಗದಲ್ಲಿ, ಹೇಳಿದ ಮಾತು ಪಾಲಿಸುವ ಒಬ್ಬರೇ ಫೋಟೋ ತೆಗೆಯುವವರಿಗೆ. ಸರಕು ತಾನೇ ಒಂದೆರಡು ಬಣ್ಣದ್ದಾಗಿದ್ದರೆ ಇನ್ನೂ ಒಳ್ಳೆಯದು.

ಫೋಟೋ ಮೊದಲು, ಬಣ್ಣ ಅದರೊಳಗಿಂದ

ಆನೆಗೊಂದಿ, ಸಣಾಪುರದ ಕಡೆ ಒಂದು ಹೋಂಸ್ಟೇ ಇದೆ ಅಂದುಕೊಳ್ಳಿ. ಮಾರುವುದು ಕೋಣೆಯನ್ನಲ್ಲ, ಆ ಜಾಗವನ್ನು: ಬಂಡೆಗುಡ್ಡ, ತುಂಗಭದ್ರೆ, ಭತ್ತದ ಗದ್ದೆ, ಬಾಳೆ ತೋಟ. ಇಲ್ಲಿ ಫೋಟೋ ಯಜಮಾನನಾಗಲೇಬೇಕು. ಬಣ್ಣವನ್ನು ಹೊರಗಿಂದ ತಂದು ಹೇರಿದರೆ ಬಂಡೆಯ ಮೇಲೆ ಎನಾಮಲ್ ಪೇಂಟಿನಲ್ಲಿ ಜಾಹೀರಾತು ಬರೆದಂತೆ ಕಾಣುತ್ತದೆ.

ಆದರೆ ಫೋಟೋದಿಂದ ಬಣ್ಣ ಎತ್ತುವುದು ಕಂಡಷ್ಟು ಸುಲಭವಲ್ಲ. ಸಾಫ್ಟ್‌ವೇರಿನಲ್ಲಿ ಬಣ್ಣ ಎತ್ತುವ ಐಡ್ರಾಪರ್ ಹಿಡಿದು ಬಂಡೆಯ ಮೇಲೆ ಒಂದು ಕಡೆ ಒತ್ತಿದರೆ ಸಿಗುವುದು ಒಂದು ಪಿಕ್ಸೆಲ್ಲಿನ ಬಣ್ಣ. ಅದರ ಪಕ್ಕದ ಪಿಕ್ಸೆಲ್ ಬೇರೆಯೇ ಇರುತ್ತದೆ. ಕಣ್ಣು ನೋಡುವುದು ಸಾವಿರಾರು ಪಿಕ್ಸೆಲ್ಲುಗಳ ಒಟ್ಟು ಭಾವವನ್ನು. ನಾನು ಮಾಡುವುದೇನೆಂದರೆ, ಫೋಟೋವನ್ನು ಎಂಟು ಹತ್ತು ಪಿಕ್ಸೆಲ್ ಅಗಲಕ್ಕೆ ಇಳಿಸಿ ಮತ್ತೆ ದೊಡ್ಡದು ಮಾಡುತ್ತೇನೆ. ದೊಡ್ಡ ದೊಡ್ಡ ಚೌಕಗಳಾಗಿ ಒಡೆದ ಆ ಚಿತ್ರದಲ್ಲಿ ನಿಜವಾದ ಬಣ್ಣಗಳು ಕೂತಿರುತ್ತವೆ. ಮೊದಲ ಸಲ ನೋಡಿದವರಿಗೆ ಆಶ್ಚರ್ಯವಾಗುತ್ತದೆ. "ಹಸಿರು ಗದ್ದೆ" ಎಂದುಕೊಂಡದ್ದು ಅರ್ಧ ಹಳದಿ. "ಬೂದು ಬಂಡೆ" ಎಂದುಕೊಂಡದ್ದು ಬೆಳಿಗ್ಗೆ ಏಳರ ಬೆಳಕಿನಲ್ಲಿ ಹದವಾಗಿ ಸುಟ್ಟ ಇಟ್ಟಿಗೆಯ ಬಣ್ಣ.

ಹೊತ್ತಿನ ಮಾತು ಬಂತು, ಅದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಬಂಡೆಗೆ ಸ್ವಂತ ಬಣ್ಣ ಅಂತ ಇಲ್ಲ, ಹೊತ್ತಿನ ಬಣ್ಣ ಇದೆ. ಬೆಳಿಗ್ಗೆ ಎಳೆ ಕಿತ್ತಳೆ, ಮಧ್ಯಾಹ್ನ ಸುಣ್ಣ ಬಳಿದ ಹಾಗೆ ಬಿಳಿಚು, ಸಂಜೆ ತಾಮ್ರ, ಸೂರ್ಯ ಮುಳುಗಿದ ಹತ್ತು ನಿಮಿಷಕ್ಕೆ ಬದನೆ ಬಣ್ಣ. ಬೆಳಗಿನ ಫೋಟೋದಿಂದ ಪ್ಯಾಲೆಟ್ ಮಾಡಿ, ಮಧ್ಯಾಹ್ನದ ಫೋಟೋಗಳನ್ನು ಜೊತೆಗಿಟ್ಟರೆ ಎರಡಕ್ಕೂ ಸಂಬಂಧವೇ ಇರುವುದಿಲ್ಲ. ಋತುವಿನದು ಇನ್ನೊಂದು ತಾಪತ್ರಯ. ಕಾಲುವೆ ನೀರಿನ ಊರುಗಳಲ್ಲಿ ನಾಟಿಯ ಗಿಳಿಹಸಿರು, ತೆನೆ ಕಟ್ಟಿದ ಮೇಲಿನ ಮಂಕು ಹಸಿರು, ಕೊಯ್ಲಿನ ಹೊಂಬಣ್ಣ, ಆಮೇಲೆ ಬರೀ ಕೂಳೆ. ಯಾರಾದರೂ ಆಗಸ್ಟಿನ ಫೋಟೋ ನೋಡಿ ಹಸಿರನ್ನೇ ಬ್ರ್ಯಾಂಡ್ ಬಣ್ಣ ಮಾಡಿಕೊಂಡರೆ ಏಪ್ರಿಲ್‌ನಲ್ಲಿ ಅವರ ಪುಟ ಸುಳ್ಳು ಹೇಳಿದಂತೆ ಕಾಣುತ್ತದೆ. ಅದಕ್ಕೇ ನಾನು ಹೇಳುವುದು: ಬದಲಾಗುವುದನ್ನು ಫೋಟೋಗೆ ಬಿಡಿ, ಬದಲಾಗದ್ದನ್ನು ಬಣ್ಣಕ್ಕೆ ತನ್ನಿ. ಬೆಳಗಿನ ಬಂಡೆಯ ಬಣ್ಣ, ನೆರಳಿನ ಗಾಢ ಕಂದು, ಒಣ ಮರಳಿನ ಬಿಳುಪು. ಹಸಿರು ಇದ್ದರೆ ಫೋಟೋದಲ್ಲಿ ಇರುತ್ತದೆ, ಇಲ್ಲದಿದ್ದಾಗ ಇಲ್ಲ.

ಈ ದಾರಿಗೆ ಒಂದು ಸಹಜ ದೋಷವಿದೆ. ಫೋಟೋದಿಂದ ಎತ್ತಿದ ಬಣ್ಣಗಳೆಲ್ಲ ಸಾಮಾನ್ಯವಾಗಿ ನಡುಮಟ್ಟದವು: ತೀರಾ ಗಾಢವೂ ಅಲ್ಲ, ತೀರಾ ತಿಳಿಯೂ ಅಲ್ಲ. ಸ್ಕ್ರೀನಿನಲ್ಲಿ ಸಾಲಾಗಿ ಇಟ್ಟರೆ ಸೊಗಸು. ಒಂದರ ಮೇಲೆ ಇನ್ನೊಂದರಲ್ಲಿ ಅಕ್ಷರ ಬರೆದರೆ ಓದಲಾಗುವುದಿಲ್ಲ. ವೆಬ್ ಪುಟಗಳಿಗೆ ಇರುವ ಡಬ್ಲ್ಯುಸಿಎಜಿ ಮಾನದಂಡ ಸಣ್ಣ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5:1 ಕಾಂಟ್ರಾಸ್ಟ್ ಕೇಳುತ್ತದೆ, ದೊಡ್ಡ ಅಕ್ಷರಕ್ಕೆ 3:1. ಕನ್ನಡಕ್ಕೆ ನಾನು ಅದಕ್ಕಿಂತ ಹೆಚ್ಚೇ ಇಡುತ್ತೇನೆ. ನಮ್ಮ ಲಿಪಿಯ ಅರ್ಧ ಅರ್ಥ ಇರುವುದು ಸಣ್ಣ ತುಣುಕುಗಳಲ್ಲಿ. ಒತ್ತಕ್ಷರ ಕೆಳಗೆ, ಗುಡಿಸು ಮೇಲೆ, ದೀರ್ಘ ಪಕ್ಕದಲ್ಲಿ. ಬಂಡೆಯ ಒರಟು ಮೈಯ ಫೋಟೋ ಮೇಲೆ ನೇರವಾಗಿ "ಕಿಷ್ಕಿಂಧೆ" ಅಂತ ಬರೆದು ನೋಡಿ. ಷ್ಕದ ಒತ್ತು ಬಂಡೆಯ ಬಿರುಕಿನಂತೆ ಕಾಣುತ್ತದೆ. ಫೋಟೋ ಯಜಮಾನನಾದ ಕಡೆ ಅಕ್ಷರಕ್ಕೆ ಒಂದು ಪಟ್ಟಿ, ಒಂದು ಚೌಕ, ಕೊನೆಗೆ ಖಾಲಿ ಆಕಾಶದ ಒಂದು ತುಂಡು ಮೀಸಲಿಡಬೇಕು. ಫೋಟೋ ತೆಗೆಯುವಾಗಲೇ ಆ ಜಾಗ ಬಿಟ್ಟು ತೆಗೆಯಬೇಕು. ಆಮೇಲೆ ಹುಡುಕಿದರೆ ಸಿಗುವುದಿಲ್ಲ.

ಪ್ಯಾಲೆಟ್ ಆದ ಮೇಲೆ ಅದನ್ನೊಮ್ಮೆ ಕಪ್ಪುಬಿಳುಪು ಮಾಡಿ ನೋಡಿ. ಎಲ್ಲ ಚೌಕಗಳೂ ಒಂದೇ ಬೂದು ಕಂಡರೆ ಮತ್ತೆ ಶುರು ಮಾಡಿ. ಒಂದನ್ನು ಕತ್ತಲೆಯವರೆಗೆ ಎಳೆಯಿರಿ, ಇನ್ನೊಂದನ್ನು ಕೆನೆಯವರೆಗೆ ತನ್ನಿ, ಮೂರನೆಯದನ್ನು ಮಾತ್ರ ಫೋಟೋದಲ್ಲಿದ್ದಂತೆ ಬಿಡಿ.

ಫೋಟೋವನ್ನೇ ಬಣ್ಣದಲ್ಲಿ ಅದ್ದುವುದು

ರಾಯಚೂರು ಜಿಲ್ಲೆಯ ಯಾವುದಾದರೂ ರೈತ ಉತ್ಪಾದಕ ಕಂಪನಿಯ ಕಚೇರಿಗೆ ಹೋಗಿ, "ನಿಮ್ಮ ಹತ್ತಿರ ಇರುವ ಫೋಟೋ ಕೊಡಿ" ಅನ್ನಿ. ವಾಟ್ಸಾಪ್‌ನಲ್ಲಿ ಇನ್ನೂರು ಬರುತ್ತವೆ. ಹತ್ತಿ ಹೊಲದ್ದು ಒಬ್ಬರು ತೆಗೆದದ್ದು, ತೊಗರಿ ರಾಶಿಯದು ಇನ್ನೊಬ್ಬರದು, ಸಭೆಯದು ಟ್ಯೂಬ್‌ಲೈಟಿನ ಕೆಳಗೆ, ಟ್ರ್ಯಾಕ್ಟರಿನದು ಎದುರು ಬಿಸಿಲಿಗೆ. ಕಳಿಸುವಾಗ ವಾಟ್ಸಾಪ್ ಅದನ್ನು ಕುಗ್ಗಿಸಿರುತ್ತದೆ. ಒಂದಕ್ಕೊಂದು ಬಣ್ಣದಲ್ಲಿ ತಾಳೆ ಇಲ್ಲ. ಆದರೆ ಆ ಫೋಟೋಗಳಲ್ಲಿ ಇರುವವರು ಅವರೇ, ಹೊಲ ಅವರದೇ. ಅವನ್ನು ಬದಿಗಿಟ್ಟು ಇಂಟರ್ನೆಟ್ಟಿನಿಂದ ಯಾವುದೋ ದೇಶದ ರೈತನ ನಗುಮುಖ ತಂದು ಹಾಕುವುದು ನನಗೆ ಒಪ್ಪುವುದಿಲ್ಲ.

ಇಂಥಲ್ಲಿ ಡ್ಯುಯೋಟೋನ್ ಕೈ ಹಿಡಿಯುತ್ತದೆ. ಫೋಟೋವನ್ನು ಕಪ್ಪುಬಿಳುಪು ಮಾಡಿ, ಕಪ್ಪಿನ ಜಾಗಕ್ಕೆ ಬ್ರ್ಯಾಂಡಿನ ಗಾಢ ಬಣ್ಣ, ಬಿಳಿಯ ಜಾಗಕ್ಕೆ ಕೆನೆ ಬಣ್ಣ. ಇನ್ನೂರು ಫೋಟೋಗಳೂ ಒಂದೇ ಮನೆಯ ಮಕ್ಕಳಾಗುತ್ತವೆ. ಎರಡೇ ಶಾಯಿಯಲ್ಲಿ, ಕೆನೆ ಬಣ್ಣದ ಕಾಗದವಿದ್ದರೆ ಒಂದೇ ಶಾಯಿಯಲ್ಲಿ ಮುದ್ರಿಸಬಹುದಾದ್ದರಿಂದ ಖರ್ಚೂ ಕಡಿಮೆ.

ಮೂರು ಎಚ್ಚರಿಕೆ. ಗಾಢ ಬಣ್ಣ ನಿಜವಾಗಿಯೂ ಗಾಢವಾಗಿರಬೇಕು. ಎಷ್ಟು ದಟ್ಟ ಹಳದಿಯೂ ನೆರಳನ್ನು ಹೊರಲಾರದು, ಮುಖ ಅಳಿಸಿಹೋಗುತ್ತದೆ. ಎರಿ ಭೂಮಿಯ ಫೋಟೋಗಳಲ್ಲಿ ಮಣ್ಣೆಲ್ಲ ಒಂದೇ ಕಪ್ಪು ಮುದ್ದೆಯಾಗುತ್ತದೆ, ಆದ್ದರಿಂದ ನೆರಳನ್ನು ಮೊದಲೇ ಸ್ವಲ್ಪ ಎತ್ತಿಕೊಳ್ಳಬೇಕು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ತಿನ್ನುವ ವಸ್ತುವಿಗೆ, ಹತ್ತಿರದಿಂದ ತೆಗೆದ ಮುಖಕ್ಕೆ ತಣ್ಣನೆಯ ಬಣ್ಣ ಬೇಡ. ನೀಲಿಯಲ್ಲಿ ಅದ್ದಿದ ಅನ್ನ ಹಳಸಿದಂತೆ, ಹಸಿರಿನಲ್ಲಿ ಅದ್ದಿದ ಮುಖ ಕಾಯಿಲೆ ಬಿದ್ದಂತೆ ಕಾಣುತ್ತದೆ. ಕಂದು, ಇಟ್ಟಿಗೆ, ಮಾಗಿದ ಕೆಂಪು ಆದೀತು.

ಫೋಟೋ ಕತ್ತರಿಸಿ ಬಣ್ಣದ ಮೇಲೆ ಇಡುವುದು

ಕೊಪ್ಪಳದ ಪಕ್ಕದ ಕಿನ್ನಾಳದ ಗೊಂಬೆಗಳನ್ನು ನೋಡಿದವರಿಗೆ ಇದರ ಅಗತ್ಯ ಕೂಡಲೇ ತಿಳಿಯುತ್ತದೆ. ಹಗುರ ಮರ, ಹುಣಸೆ ಬೀಜದ ಅಂಟು, ಮರದ ಹೊಟ್ಟು ಸೇರಿಸಿದ ಕಿಟ್ಟ, ಮೇಲೆ ತವರದಿಂದ ತಂದ ಚಿನ್ನದ ಹೊಳಪು. ಭೌಗೋಳಿಕ ಗುರುತು ಪಡೆದ ಕಲೆ. ಒಂದು ಗರುಡನ ಮೇಲೇ ಕೆಂಪು, ಹಸಿರು, ಹಳದಿ, ಹೊನ್ನು ಎಲ್ಲ ಇರುತ್ತದೆ. ಚಿತ್ರಗಾರರು ಬಣ್ಣದ ಕೆಲಸ ಮುಗಿಸಿಬಿಟ್ಟಿದ್ದಾರೆ. ಡಿಸೈನರ್ ಆದವನಿಗೆ ಉಳಿದ ಕೆಲಸ ಪಕ್ಕಕ್ಕೆ ಸರಿದು ನಿಲ್ಲುವುದು.

ಸಂಡೂರಿನ ಲಂಬಾಣಿ ಕಸೂತಿಗೂ ಇದೇ ಮಾತು. ಕನ್ನಡಿ, ಕವಡೆ, ಹತ್ತು ಬಣ್ಣದ ದಾರ ಇರುವ ಬಟ್ಟೆಗೆ ಮತ್ತೊಂದು ಬಣ್ಣಬಣ್ಣದ ಪ್ಯಾಲೆಟ್ ಕೊಡುವುದು ಜಾತ್ರೆಯಲ್ಲಿ ತುತ್ತೂರಿ ಊದಿದ ಹಾಗೆ. ಇವಕ್ಕೆ ನನ್ನ ಆಯ್ಕೆ ಒಂದೇ ಶಾಂತ ಹಿನ್ನೆಲೆ: ಸುಣ್ಣದ ಬಿಳುಪು, ಮಸಾರಿ ಮಣ್ಣಿನ ಬಣ್ಣ, ಇಲ್ಲವೇ ಎರಿ ಮಣ್ಣಿನ ಕಪ್ಪು. ಅಕ್ಷರಕ್ಕೆ ಇನ್ನೊಂದು. ಅಲ್ಲಿಗೆ ಮುಗಿಯಿತು.

ಕತ್ತರಿಸುವಾಗ ವಸ್ತುವಿನ ಬುಡದ ನೆರಳನ್ನು ಉಳಿಸಿಕೊಳ್ಳಿ, ಇಲ್ಲದಿದ್ದರೆ ಗೊಂಬೆ ಗಾಳಿಯಲ್ಲಿ ತೇಲುತ್ತದೆ. ಹೊಳಪಿನ ಮೇಲೆ ಬಿಸಿಲು ನೇರ ಬಿದ್ದರೆ ಬಿಳಿ ಚುಕ್ಕೆ ಉಳಿಯುತ್ತದೆ, ಬಣ್ಣ ಹೋಗುತ್ತದೆ. ಕಿಟಕಿಗೆ ಒಂದು ತೆಳು ಬಿಳಿ ಪಂಚೆ ಕಟ್ಟಿ, ಅದರಿಂದ ಸೋಸಿ ಬರುವ ಬೆಳಕಿನಲ್ಲಿ ತೆಗೆಯಿರಿ. ಬೇರೆ ಸಲಕರಣೆ ಬೇಕಿಲ್ಲ. ಬೇರೆ ಬೇರೆ ದಿನ ತೆಗೆದರೂ ಹೊಂದಿಕೊಳ್ಳುತ್ತದೆ, ಹೊಸ ಗೊಂಬೆ ಬಂದಾಗ ಸುಲಭವಾಗಿ ಸೇರಿಸಬಹುದು. ಕಳೆದುಕೊಳ್ಳುವುದು ಊರನ್ನು. ಕೆತ್ತುವ ಕೈ, ಪಡಸಾಲೆ, ಒಣಗಲು ಸಾಲಾಗಿ ಇಟ್ಟ ಅರೆಬರೆ ಗೊಂಬೆಗಳು ಚೌಕಟ್ಟಿನಿಂದ ಹೊರಗೆ ಹೋಗುತ್ತವೆ. ಹಾಗಾಗಿ ಬೆಲೆಪಟ್ಟಿಗೆ ಕತ್ತರಿಸಿದ ಫೋಟೋ, ಕಥೆ ಹೇಳುವ ಪುಟಕ್ಕೆ ಪೂರ್ತಿ ಫೋಟೋ ಎಂದು ಎರಡನ್ನೂ ಬಳಸಿದರೆ ತಪ್ಪೇನಿಲ್ಲ.

ಆಯ್ಕೆಯನ್ನು ತಲೆಕೆಳಗು ಮಾಡುವ ಸಂಗತಿ: ಯಾವುದರ ಮೇಲೆ ಪ್ರಿಂಟು

ಮೇಲಿನದೆಲ್ಲ ಕೇಳಲು ಚೆನ್ನ. ಆದರೆ ನಮ್ಮ ಕಡೆಯ ಬ್ರ್ಯಾಂಡ್ ಜೀವನ ಮಾಡುವುದು ಕಂಪ್ಯೂಟರಿನೊಳಗಲ್ಲ. ಚೀಲ, ಫ್ಲೆಕ್ಸ್, ಶಟರ್, ಆಟೋದ ಬೆನ್ನು, ಫೋನ್, ಇವುಗಳ ಮೇಲೆ.

ನೇಯ್ದ ಪ್ಲಾಸ್ಟಿಕ್ ಚೀಲದ ಮೇಲೆ ನೇರವಾಗಿ ಫ್ಲೆಕ್ಸೋದಲ್ಲಿ (ಮೆತ್ತನೆಯ ಉಬ್ಬು ಪ್ಲೇಟಿನ ಮುದ್ರಣ) ಮುದ್ರಿಸುವಾಗ ಪ್ರತಿ ಬಣ್ಣಕ್ಕೂ ಬೇರೆ ಪ್ಲೇಟ್ ಬೇಕು, ಮೈ ಒರಟು, ಶಾಯಿ ನೇಯ್ಗೆಯ ಸಂದಿನಲ್ಲಿ ಇಳಿಯುತ್ತದೆ. ಅಲ್ಲಿ ಫೋಟೋ ನಿಲ್ಲುವುದಿಲ್ಲ. ಎರಡು ಮೂರು ಗಟ್ಟಿ ಬಣ್ಣ, ದಪ್ಪ ಅಕ್ಷರ, ಒಂದು ಗುರುತು. ಬಣ್ಣ ಮೊದಲು ಎಂಬ ದಾರಿ ಬಿಟ್ಟರೆ ಬೇರೆ ಇಲ್ಲ. ಫೋಟೋ ಬೇಕೇ ಬೇಕು ಎಂದರೆ ಮೇಲೆ ಬಿಒಪಿಪಿ ಎಂಬ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿದ ಚೀಲಕ್ಕೆ ಹೋಗಬೇಕು. ಅದನ್ನು ಗ್ರೇವರ್‌ನಲ್ಲಿ ಮುದ್ರಿಸುತ್ತಾರೆ, ಪ್ರತಿ ಬಣ್ಣಕ್ಕೂ ಒಂದು ಸಿಲಿಂಡರ್ ಕೆತ್ತಿಸಬೇಕು. ಒಮ್ಮೆ ಕೆತ್ತಿಸಿದ ಮೇಲೆ ಫೋಟೋ ಬದಲಿಸುವುದೆಂದರೆ ಮತ್ತೆ ಸಿಲಿಂಡರಿನ ಖರ್ಚು. ಆದ್ದರಿಂದ ಚೀಲದ ಮೇಲಿನ ಫೋಟೋ ನಾಲ್ಕೈದು ವರ್ಷ ಬಾಳುವಂಥದ್ದೇ ಆಗಿರಲಿ. ಈ ವರ್ಷದ ಸಿನಿಮಾ ತಾರೆಯ ಉಡುಪು ಹಾಕಿದ ಹುಡುಗಿ ಬೇಡ.

ಫ್ಲೆಕ್ಸ್ ಬೋರ್ಡಿನ ಶತ್ರು ಬಿಸಿಲು. ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ನಿಂತ ಹಳೆಯ ಪೋಸ್ಟರುಗಳನ್ನು ನೋಡಿದ್ದೀರಲ್ಲ, ಎಲ್ಲವೂ ಕೊನೆಗೆ ನೀಲಿಗೆ ತಿರುಗುತ್ತವೆ. ಹಳದಿ, ಮಜೆಂಟಾ ಶಾಯಿ ಮೊದಲು ಸಾಯುತ್ತವೆ, ಸಯಾನ್ ಮತ್ತು ಕಪ್ಪು ಉಳಿಯುತ್ತವೆ. ಕೆಂಪು ಅಂದರೆ ಹಳದಿ ಮತ್ತು ಮಜೆಂಟಾ ಎರಡೂ ಸೇರಿ ಆದದ್ದು, ಹಾಗಾಗಿ ಅದು ಬೇಗ ಸೊರಗುತ್ತದೆ. ಮೆಣಸಿನಕಾಯಿ ವ್ಯಾಪಾರಿಗೆ ಕೆಂಪು ಬಿಟ್ಟು ಬೇರೆ ಬಣ್ಣ ಹೇಳುವ ಧೈರ್ಯ ನನಗಿಲ್ಲ. ಆದರೆ ದೊಡ್ಡ ಬೋರ್ಡಿನಲ್ಲಿ ಕೆಂಪನ್ನು ಪೇಂಟಿನಲ್ಲಿ ಅಥವಾ ವಿನೈಲ್‌ನಲ್ಲಿ ತನ್ನಿ, ಫೋಟೋ ಇರುವ ಫ್ಲೆಕ್ಸನ್ನು ಪ್ರತ್ಯೇಕ ತುಂಡಾಗಿ ಇಟ್ಟು ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತೇನೆ. ಸಂಡೂರಿನ ರಸ್ತೆಗಳಲ್ಲಿ ಅದಿರಿನ ಧೂಳು ಬಿಳಿ ಬೋರ್ಡನ್ನು ಒಂದು ಬೇಸಿಗೆಯಲ್ಲೇ ಕೆಂಗಂದು ಮಾಡುತ್ತದೆ. ಅಲ್ಲಿ ಬಿಳಿ ಹಿನ್ನೆಲೆಯ ಬದಲು ಮೊದಲೇ ಮಣ್ಣಿನ ಬಣ್ಣ ಹಾಕಿದರೆ ಬೋರ್ಡು ಹಳತಾದಂತೆ ಕಾಣುವುದಿಲ್ಲ.

ಫೋನಿನಲ್ಲಿ ಎಲ್ಲ ದಾರಿಗಳೂ ನಡೆಯುತ್ತವೆ. ಒಂದೇ ಪರೀಕ್ಷೆ ಸಾಕು: ಒಂಬತ್ತು ಪೋಸ್ಟುಗಳನ್ನು ಮೂರರ ಸಾಲಿನಲ್ಲಿ ಜೋಡಿಸಿ, ಫೋನನ್ನು ಕೈಯಳತೆಗೆ ಚಾಚಿ, ಕಣ್ಣು ಅರ್ಧ ಮುಚ್ಚಿ ನೋಡಿ. ಒಬ್ಬರದೇ ಅಂಗಡಿ ಅನ್ನಿಸಬೇಕು.

ಯಾರಿಗೆ ಯಾವುದು

ಕೆಲಸ ಒಪ್ಪಿಕೊಳ್ಳುವ ಮೊದಲು ನಾನು ಮೂರು ಪ್ರಶ್ನೆ ಕೇಳುತ್ತೇನೆ. ನಿಮ್ಮ ಸರಕಿಗೆ ತನ್ನದೇ ಬಣ್ಣಗಳು ಎಷ್ಟಿವೆ? ಬರುವ ವರ್ಷ ಫೋಟೋ ತೆಗೆಯುವವರು ಯಾರು? ಗಿರಾಕಿ ನಿಮ್ಮನ್ನು ಮೊದಲು ನೋಡುವುದು ಯಾವುದರ ಮೇಲೆ?

ಎರಡನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ ಎಂದು ವರ್ಷಗಳು ಕಳೆದಂತೆ ನನಗೆ ಗಟ್ಟಿಯಾಗಿದೆ. ಮೊದಲ ಶೂಟಿಗೆ ಬೆಂಗಳೂರಿನಿಂದ ಫೋಟೋಗ್ರಾಫರ್ ಬರುತ್ತಾರೆ, ಚೆಂದದ ಚಿತ್ರ ಆಗುತ್ತದೆ, ಅದರ ಮೇಲೆ ಇಡೀ ಬ್ರ್ಯಾಂಡ್ ಕಟ್ಟುತ್ತೇವೆ. ಆರು ತಿಂಗಳಿಗೆ ಹೊಸ ಸರಕು ಬರುತ್ತದೆ, ಅಂಗಡಿಯ ಹುಡುಗ ಫೋನಿನಲ್ಲಿ ತೆಗೆಯುತ್ತಾನೆ, ಎಲ್ಲ ಚದುರುತ್ತದೆ. ಆ ಹುಡುಗನೇ ಮುಂದೆಯೂ ತೆಗೆಯುವುದಾದರೆ ಅವನ ಕೈಯಲ್ಲಿ ಆಗುವ ದಾರಿಯನ್ನೇ ಆರಿಸಬೇಕು. ಅಂದರೆ ಕತ್ತರಿಸಿ ಇಡುವುದು, ಇಲ್ಲವೇ ಡ್ಯುಯೋಟೋನ್. ಫೋಟೋ ಮೊದಲು ಎಂಬ ದಾರಿ ಫೋಟೋಗೆ ಪ್ರತಿ ವರ್ಷ ಹಣ ಎತ್ತಿಡುವವರಿಗೆ ಮಾತ್ರ. ಒಂದೆರಡು ಬಣ್ಣದ ಸರಕಿನವರಿಗೆ, ಅಂದರೆ ಜೀನ್ಸ್, ಅಕ್ಕಿ, ಬೇಳೆ, ಗ್ರಾನೈಟ್‌ನವರಿಗೆ ಬಣ್ಣ ಮೊದಲು. ಒಂದು ಮಾತು ಮಾತ್ರ ಯಾವ ದಾರಿಗೂ ಸಲ್ಲುತ್ತದೆ: ಫೋಟೋ ಹೆಚ್ಚಾದಷ್ಟೂ ಪ್ಯಾಲೆಟ್ ಕಡಿಮೆ ಮಾಡಿ.

ಆ ಅಕ್ಕಿ ಚೀಲಕ್ಕೆ ಮರಳುತ್ತೇನೆ. ಎರಡನೆಯ ಸಲ ನಾವು ಬಣ್ಣವನ್ನೇ ಯಜಮಾನ ಮಾಡಿದೆವು. ಮಾಲೀಕರು ಮಾರುವುದು ಹಳೆ ಅಕ್ಕಿ. ಅನ್ನ ಉದುರುದುರಾಗಿ ಆಗುತ್ತದೆ ಅಂತಲೇ ಜನ ಅದಕ್ಕೆ ಹೆಚ್ಚು ಕೊಡುತ್ತಾರೆ. ಹಳೆ ಅಕ್ಕಿಗೆ ಒಂದು ಕೆನೆಯ ಛಾಯೆ ಇರುತ್ತದೆ, ಅದೇ ಅದರ ಸಾಕ್ಷಿ. ಮಾಲೀಕರ ತಾಯಿ ನೀಲಿ ಹಾಕಿ ಎಂದರು, ಪಂಚೆಗೆ ನೀಲಿ ಹಾಕಿದರೆ ಬೆಳ್ಳಗಾಗುತ್ತದಲ್ಲ ಎಂಬ ಲೆಕ್ಕದಲ್ಲಿ. ಪಂಚೆಗೆ ನೀಲಿ ಹಾಕುವುದು ಬೇರೆ, ಪಂಚೆಯ ಪಕ್ಕ ನೀಲಿ ಇಡುವುದು ಬೇರೆ. ಬಟ್ಟೆಗೆ ಹಾಕಿದ ನೀಲಿ ಹಳದಿಯನ್ನು ಅಡಗಿಸುತ್ತದೆ, ಪಕ್ಕದಲ್ಲಿಟ್ಟ ನೀಲಿ ಆ ಹಳದಿಯನ್ನೇ ತುಸು ಎತ್ತಿ ತೋರಿಸುತ್ತದೆ. ನಮಗೆ ಬೇಕಿದ್ದದ್ದು ಎರಡನೆಯದು. ಗಾಢ ನೀಲಿಯ ನಡುವೆ ಹಳೆ ಅಕ್ಕಿ ಬೆಳಗಿತು, ಕೆನೆಯ ಬಣ್ಣವೂ ಉಳಿಯಿತು. ಹೊಸ ಅಕ್ಕಿ ಮಾರುವವರಾಗಿದ್ದರೆ ಹಳದಿ ಕೊಡುತ್ತಿದ್ದೆ. ಹಳದಿಯ ಪಕ್ಕ ಬಿಳಿ ಕೊಂಚ ನೀಲಿಗೆ ವಾಲಿ ಶುಭ್ರ ಕಾಣುತ್ತದೆ. ಅಮ್ಮ ಹೇಳಿದ ಬಣ್ಣವೇ ಸರಿಯಾಯಿತು, ಕಾರಣ ಮಾತ್ರ ಬೇರೆ.

ಈ ಸಲ ಅಕ್ಕಿಯನ್ನು ನೀಲಿ ಹಾಳೆಯ ಮೇಲೆಯೇ ಇಟ್ಟು, ಬೆಳಿಗ್ಗೆ ಎಂಟಕ್ಕೆ ಗೋಡೌನಿನ ಬಾಗಿಲ ನೆರಳಿನಲ್ಲಿ ಫೋಟೋ ತೆಗೆದೆ. ಮಾದರಿ ಚೀಲ ಬಂದಾಗ ಅದೇ ಅಂಗಳದಲ್ಲಿ, ಅದೇ ಮಧ್ಯಾಹ್ನದ ಬಿಸಿಲಿನಲ್ಲಿ, ತೂಕದ ಕಟ್ಟೆಯಾಚೆ ನಿಂತು ಇಬ್ಬರೂ ನೋಡಿದೆವು. ಆಮೇಲೆ ಆ ಚೀಲದಿಂದಲೇ ಅಂಗೈಯಗಲದ ಒಂದು ತುಂಡು ಕತ್ತರಿಸಿ, ಹಿಂದೆ ಸಿಎಂವೈಕೆ ಅಂಕಿಗಳನ್ನು, ಅಂದರೆ ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿಗಳ ಪ್ರಮಾಣವನ್ನು ಬರೆದು, ಅವರ ಬಿಲ್ ಪುಸ್ತಕದೊಳಗೆ ಇಟ್ಟುಕೊಟ್ಟೆ. ಮುಂದಿನ ಸಲ ಬೇರೆ ಪ್ರಿಂಟರ್ ಫೋನ್ ಮಾಡಿ "ಯಾವ ನೀಲಿ ಸರ್?" ಎಂದಾಗ ವಾಟ್ಸಾಪ್ ಫೋಟೋ ಕಳಿಸಬೇಡಿ, ಈ ತುಂಡನ್ನೇ ಕೊರಿಯರ್ ಮಾಡಿ ಎಂದು ಹೇಳಿ ಬಂದೆ.